ಆಫ್ರಿಕಾದ ಕೊನೆಯ ಕೊಳವೆ

ಚೀಲದ ಬಾಯಿ ಬಿಚ್ಚಿದಾಗ ಒಳಗೆ ಅಕ್ಕಿ ಇರಲಿಲ್ಲ. ಭತ್ತ ಇತ್ತು.

ರೋಣದ ಬಸ್ ನಿಲ್ದಾಣದ ಪಾರ್ಸಲ್ ಕೋಣೆಯಲ್ಲಿ ಪಿಎಸ್‌ಐ ರಾಜೇಶ್ವರಿ ಮೊಣಕಾಲೂರಿ ಕೂತು ಒಂದು ಹಿಡಿ ಎತ್ತಿದಳು. ಹಳದಿ ಸಿಪ್ಪೆ ಅಂಗೈಗೆ ಚುಚ್ಚಿತು. ಗಂಗಾವತಿಯಿಂದ ಬಂದ ಚೀಲ, ಮೇಲೆ ಅಕ್ಬರಸಾಬರ ಹೆಸರು. ಅದು ಬಂದದ್ದು ಶುಕ್ರವಾರ ಮಧ್ಯಾಹ್ನ. ಅದೇ ಶುಕ್ರವಾರ ಬೆಳಿಗ್ಗೆ ಗಜೇಂದ್ರಗಡದ ತಮ್ಮ ಗೋದಾಮಿನಲ್ಲಿ ಅಕ್ಬರಸಾಬರು ತಲೆ ಒಡೆದ ಹೆಣವಾಗಿ ಸಿಕ್ಕಿದ್ದರು. ಪಕ್ಕದಲ್ಲಿ ತಕ್ಕಡಿಯ ತೂಕದ ಕಲ್ಲು ಇತ್ತು. ಚೀಲ ಬಿಡಿಸಿಕೊಳ್ಳಲು ಆಮೇಲೆ ಯಾರೂ ಬಂದಿರಲಿಲ್ಲ.

"ಇದ್ರಾಗೇನೈತ್ರಿ ಮೇಡಮ್ರ," ಹವಾಲ್ದಾರ ಲಾಡಸಾಬ ಬಾಗಿಲಿಗೆ ಒರಗಿ ಹೇಳಿದ. "ಭತ್ತಾದ್ರೇನು, ಅಕ್ಕಿಯಾದ್ರೇನು. ಅಂಗಿ ಹಾಕ್ಕೊಂಡ್ರ ಮನಷ್ಯಾನ ಹೆಸರು ಬದಲಾಕ್ಕೈತೇನು?"

ಪಾರ್ಸಲ್ ಕೋಣೆಯವನು ನಕ್ಕ. ರಾಜೇಶ್ವರಿಗೂ ನಗು ಬಂದಿತ್ತು. ಅದು ತುಟಿಯಲ್ಲೇ ನಿಂತುಹೋಯಿತು.

ಅಕ್ಬರಸಾಬರು ಗೋದಾಮಿನಲ್ಲಿ ಕಾಳು ತುಂಬಿ ನಿಲ್ಲಿಸಿದ್ದ ಗಾಜಿನ ಕೊಳವೆಗಳೆಲ್ಲ ಹಳದಿ. ಒಂದು ಮಾತ್ರ ಬಿಳಿ. ಅದನ್ನು ಅವಳು ಮೊದಲ ದಿನವೇ ನೋಡಿದ್ದಳು. ಚೆಂದ ಕಾಣುತ್ತದೆ ಅಂದುಕೊಂಡು ಮುಂದೆ ಹೋಗಿದ್ದಳು.

"ಲಾಡಸಾಬ್ರ, ನಮ್ಮ ಕಡೆ ಭತ್ತ ಎಲ್ಲಿ ಸಿಗತೈತಿ?"

"ಭತ್ತ ಯಾರಿಗೆ ಬೇಕ್ರಿ ಇಲ್ಲಿ? ಅಕ್ಕಿಯಂದ್ರ ಓಣಿಗೊಂದು ಅಂಗಡಿ ಐತಿ. ಕೋಳಿಗೆ ಹಾಕಾಕೂ ನಾವು ಜೋಳಾನ ಹಾಕ್ತೀವಿ."

ಹೌದು. ಇದು ಜೋಳದ ನಾಡು. ಜೋಳಕ್ಕೆ ಅಂಗಿ ಇಲ್ಲ. ಕಣದಲ್ಲಿ ತೂಗಿದ್ದೇ ಗಿರಣಿಗೆ ಹೋಗುತ್ತದೆ, ಗಿರಣಿಗೆ ಹೋದದ್ದೇ ರೊಟ್ಟಿಯಾಗುತ್ತದೆ. ಲಕ್ಕಲಕಟ್ಟಿಯಲ್ಲಿ ಬೆಳೆದ ರಾಜೇಶ್ವರಿಗೆ ಹೊಲದ ತೂಕ ಬೇರೆ, ಅಡಿಗೆಮನೆಯ ತೂಕ ಬೇರೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಅದಕ್ಕೇ ಒಬ್ಬ ಮನುಷ್ಯ ಜೈಲಿನಲ್ಲಿದ್ದ. ಕಳಿಸಿದವಳು ಅವಳೇ.

*

ಗಜೇಂದ್ರಗಡದಲ್ಲಿ ಗಾಳಿ ಜೋರಾಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೇ ಸಮ ತಿರುಗುತ್ತಿದ್ದವು. ಗೋದಾಮಿನ ತಗಡಿನ ಬಾಗಿಲು ಸರಿಸಿದಾಗ ಒಳಗೆ ಹಳೆಯ ಹತ್ತಿಯ ವಾಸನೆ.

ಅಕ್ಬರಸಾಬರು ಕೃಷಿ ವಿಜ್ಞಾನಿ. ಅರ್ಧ ಆಯುಷ್ಯ ಆಗ್ನೇಯ ಏಷ್ಯಾದ ಗದ್ದೆಗಳಲ್ಲಿ, ಇನ್ನರ್ಧ ಪಶ್ಚಿಮ ಆಫ್ರಿಕಾದ ಹೊಳೆಬದಿಗಳಲ್ಲಿ ಕಳೆದು ಬಂದವರು. ಊರಿಗೆ ಮರಳಿದ ಮೇಲೆ ಈ ಗೋದಾಮಿನಲ್ಲಿ ತಾವು ಕಂಡದ್ದನ್ನು ಗಾಜಿನ ಕೊಳವೆಗಳಲ್ಲಿ ತುಂಬಿ ನಿಲ್ಲಿಸತೊಡಗಿದರು. ಎಡಗೋಡೆಗೆ ಏಷ್ಯಾ, ಬಲಗೋಡೆಗೆ ಆಫ್ರಿಕಾ. ದಶಕಕ್ಕೊಂದು ಕೊಳವೆ, ಆಗ ಅಲ್ಲಿ ವರ್ಷಕ್ಕೆ ಬೆಳೆಯುತ್ತಿದ್ದ ಭತ್ತಕ್ಕೆ ತಕ್ಕಷ್ಟು ಕಾಳು. ಎರಡಕ್ಕೂ ಒಂದೇ ಅಳತೆ.

ಎಡಗಡೆ ಅರವತ್ತರ ದಶಕದ ಭತ್ತ ಮೊಣಕಾಲ ಮಟ್ಟ ಇತ್ತು. ಇತ್ತೀಚಿನದು ಆಳೆತ್ತರ. ಬಲಗಡೆ ಅರವತ್ತರದು ಒಂದು ಬೆರಳ ದಪ್ಪ. ಅಲ್ಲಿಂದ ಏರುತ್ತ ಏರುತ್ತ ಕೊನೆಗೆ ಅರ್ಧ ಗೇಣು ಆಗಬೇಕಿತ್ತು. ಮೊದಲು ನೋಡಿದವರಿಗೆ ಆಫ್ರಿಕಾ ಕಂಡರೆ ಅಯ್ಯೋ ಅನಿಸುತ್ತಿತ್ತಂತೆ. ಅಕ್ಬರಸಾಬರು ಅವರನ್ನು ಬಗ್ಗಿಸಿ, ಇದು ಅರವತ್ತು ವರ್ಷದಲ್ಲಿ ಎಂಟೊಂಬತ್ತು ಪಟ್ಟು ಬೆಳೆದದ್ದು, ನೀವು ಬೆರಗಾದ ಏಷ್ಯಾ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು ಎನ್ನುತ್ತಿದ್ದರಂತೆ. ಆಮೇಲೆ ಇನ್ನೊಂದು ಮಾತು ಸೇರಿಸುತ್ತಿದ್ದರಂತೆ. ಶುರುವಿನಲ್ಲಿ ಎರಡೂ ಕಡೆ ಎಕರೆಯ ಇಳುವರಿಯಲ್ಲಿ ಅಷ್ಟೇನೂ ಅಂತರ ಇರಲಿಲ್ಲ. ಏಷ್ಯಾ ಇದ್ದ ನೆಲದಲ್ಲೇ ಹೆಚ್ಚು ಬೆಳೆಯಿತು. ಆಫ್ರಿಕಾ ಬಹಳಮಟ್ಟಿಗೆ ಹೊಸ ನೆಲ ಉತ್ತು ಬೆಳೆಯಿತು. ನೀರು ಮತ್ತು ಬೀಜ ಸರಿಯಾದ ಹೊತ್ತಿಗೆ ಅಲ್ಲಿ ಮುಟ್ಟಲಿಲ್ಲ ಎಂಬ ಕೊರಗು ಅವರನ್ನು ಬಿಟ್ಟಿರಲಿಲ್ಲ.

ಇದನ್ನೆಲ್ಲ ರಾಜೇಶ್ವರಿಗೆ ಹೇಳಿದವನು ಸವಡಿಯ ಪರಶು. ಕಾಲೇಜಿನ ಅಧ್ಯಾಪಕ, ಈ ಕೊಳವೆಗಳ ಪ್ರದರ್ಶನಕ್ಕಾಗಿ ಓಡಾಡುತ್ತಿದ್ದವನು. ಬುಧವಾರ ಇಳಿಹೊತ್ತಿನಲ್ಲಿ ಅವನು ತೆಗೆದ ಫೋಟೋದಲ್ಲಿ ಆಫ್ರಿಕಾದ ಕೊನೆಯ ಕೊಳವೆ ಖಾಲಿ ಇತ್ತು. ಶುಕ್ರವಾರ ಹೆಣ ಸಿಕ್ಕಾಗ ಅದು ತುಂಬಿತ್ತು.

ಪೊಲೀಸರ ಲೆಕ್ಕವೆಲ್ಲ ಆ ಕೊಳವೆಯ ಮೇಲೆ ನಿಂತಿತ್ತು. ಸಾವು ಬುಧವಾರ ರಾತ್ರಿಯೋ ಗುರುವಾರವೋ ಎಂದು ಡಾಕ್ಟರಿಗೆ ಖಚಿತವಾಗಿ ಹೇಳಲಾಗಲಿಲ್ಲ, ತಗಡಿನ ಸೆಕೆ ಅಂಥದ್ದು. ಕಣ್ಣು ಮಂಜಾಗಿದ್ದ ಅಕ್ಬರಸಾಬರು ಹೊತ್ತಿಳಿದ ಮೇಲೆ ತಕ್ಕಡಿ ಮುಟ್ಟುತ್ತಿರಲಿಲ್ಲ. ಅಂದಮೇಲೆ ಕೊಳವೆ ತುಂಬಿದ್ದು ಗುರುವಾರ, ಅವರು ಗುರುವಾರ ಬದುಕಿದ್ದರು. ಗುರುವಾರ ಗೋದಾಮಿಗೆ ಹೋದದ್ದು ಒಬ್ಬನೇ, ಅವರ ಸಹಾಯಕ ದಾದಾಪೀರ. ಎದುರಿನ ನೇಕಾರರು ಕಂಡಿದ್ದರು. ಕೇಳಿದಾಗ ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ರಾಜೇಶ್ವರಿ ಬಿಳಿ ಕೊಳವೆಯ ಮುಂದೆ ಬಗ್ಗಿ ನಿಂತಳು. ಕೊನೆಯದು ಹಿಂದಿನ ದಶಕದ ಕೊಳವೆಗಿಂತ ಎತ್ತರ ಇರಬೇಕು. ಇರಲಿಲ್ಲ. ಎರಡೂ ಸಮ ಇದ್ದವು. ಆಫ್ರಿಕಾ ಹತ್ತು ವರ್ಷ ನಿಂತಲ್ಲೇ ನಿಂತಿದೆ ಎನ್ನುವ ಹಾಗೆ.

ಅವಳು ಕೊಳವೆ ಇಳಿಸಿ ತಕ್ಕಡಿಗೆ ಸುರಿದಳು. ತೂಕ ಕೊಳವೆಗೆ ಅಂಟಿಸಿದ ಚೀಟಿಯಲ್ಲಿ ಬರೆದಷ್ಟೇ. ಅಷ್ಟೇ ತೂಕದ ಭತ್ತವನ್ನು ರೋಣದ ಚೀಲದಿಂದ ತೆಗೆದು ಅದೇ ಕೊಳವೆಗೆ ಹಾಕಿದಳು. ಮಟ್ಟ ಮೇಲೇರಿ ನಿಂತಿತು.

"ಮಾಟ ಆತಲ್ರೀ," ಎಂದ ಲಾಡಸಾಬ.

ಮಾಟವೇನೂ ಇರಲಿಲ್ಲ. ಸಿಪ್ಪೆ ಕಳೆದ ಕಾಳು ಒತ್ತಾಗಿ ಕೂರುತ್ತದೆ, ಕಡಿಮೆ ಜಾಗ ಹಿಡಿಯುತ್ತದೆ. ಅವಳು ಅಲ್ಲಿಂದಲೇ ಪರಶುಗೆ ಫೋನ್ ಮಾಡಿದಳು. ಬುಧವಾರ ಸಂಜೆಯಿಂದ ಶುಕ್ರವಾರದವರೆಗೆ ಅವನು ಮೆಣಸಗಿಯಲ್ಲಿ ತಂಗಿಯ ಮದುವೆಯಲ್ಲಿದ್ದ, ಅದನ್ನು ಮೊದಲೇ ವಿಚಾರಿಸಿ ಆಗಿತ್ತು. ಅವನು ಹೇಳಿದ್ದಿಷ್ಟು: ಜಗತ್ತಿನ ಲೆಕ್ಕ ಭತ್ತದಲ್ಲಿ, ಅಕ್ಕಿ ಮಾಡಿದರೆ ಮೂರರಲ್ಲಿ ಒಂದು ಪಾಲು ಹೊಟ್ಟು ತೌಡಿಗೆ ಹೋಗುತ್ತದೆ, ಭತ್ತದ ಪಕ್ಕ ಅಕ್ಕಿ ಇಟ್ಟು ತೂಗಿದರೆ ಅದು ಸುಳ್ಳು ಹೇಳಿದ ಹಾಗೆ. ಅಕ್ಬರಸಾಬರ ಪ್ರತಿ ಮಾತೂ ಅಲ್ಲಿಂದಲೇ ಶುರುವಾಗುತ್ತಿತ್ತು.



"ಆ ಕೊಳವಿ ನಾನೂ ನೋಡೇನ್ರಿ," ಎಂದ ಪರಶು. "ನೋಡಿದ್ರೂ ಕಾಣಲಿಲ್ಲ."

ಅಂದರೆ ಕೊಳವೆ ತುಂಬಿದ್ದು ಅಕ್ಬರಸಾಬರಲ್ಲ. ದಾದಾಪೀರನೂ ಅಲ್ಲ, ಅವನು ಹುಡುಗನಿದ್ದಾಗಿನಿಂದ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದುಡಿದವನು. ಭತ್ತ ಸಿಗದಿದ್ದಾಗ ಅಕ್ಕಿಯನ್ನೇ ಅಷ್ಟೇ ತೂಗಿ ಹಾಕಿದ್ದು ಜೋಳದ ಮನೆಯ ಕೈ.

ತಕ್ಕಡಿಯ ತಟ್ಟೆಯಲ್ಲಿ ಉದ್ದ ಕಾಳಿನ ಅಕ್ಕಿಯ ನಡುವೆ ಎರಡು ಲವಂಗ ಬಿದ್ದಿದ್ದವು. ಹುಳ ಹಿಡಿಯದಿರಲೆಂದು ಡಬ್ಬಿಗೆ ಹಾಕುವಂಥವು. ಅಂಗಡಿಯ ಅಕ್ಕಿ ಅಲ್ಲ ಇದು.

*

ದಾದಾಪೀರನ ಹೆಂಡತಿ ಜಮಾಲಬಿ ಗೋದಾಮಿನ ಪಕ್ಕದ ಮನೆಯಲ್ಲಿ ಅಕ್ಬರಸಾಬರಿಗೆ ಅಡಿಗೆ ಮಾಡುತ್ತಿದ್ದವಳು. ಅಕ್ಕಿಯನ್ನು ಅಂಗೈ ಮೇಲೆ ಹರಡಿ ನೋಡಿದಳು.

"ಇದು ಆಸಿಫಾ ಆಪಾ ತಂದಿದ್ದು. ಬಿರಿಯಾನಿ ಅಕ್ಕಿ. ಬುಧವಾರ ನಾನು ಹೋಗುವಾಗ ಡಬ್ಬಿ ತುಂಬ ಇತ್ರಿ. ಗುರುವಾರ ನನಗ ರಜಾ. ಶುಕ್ರವಾರ ನೋಡಿದ್ರ ಅರ್ಧ ಇಲ್ಲ."

ಆಸಿಫಾ ಅಕ್ಬರಸಾಬರ ಒಬ್ಬಳೇ ಮಗಳು. ನರಗುಂದದಲ್ಲಿ ಶಿಕ್ಷಕಿ. ಬುಧವಾರ ಮಧ್ಯಾಹ್ನದ ಬಸ್ಸಿಗೇ ನರಗುಂದಕ್ಕೆ ಮರಳಿದೆ ಎಂದು ಹೇಳಿಕೆ ಕೊಟ್ಟಿದ್ದಳು.

ಈ ಡಬ್ಬಿಯ ಮಾತು ಮೊದಲೇ ಯಾಕೆ ಹೇಳಲಿಲ್ಲ ಎಂದು ರಾಜೇಶ್ವರಿ ಕೇಳಿದಳು. ಹೆಣ ಬಿದ್ದ ಮನೆಯಲ್ಲಿ ಅಕ್ಕಿ ಅಳೆಯುವವರು ಯಾರು ಎಂದು ಜಮಾಲಬಿ ತಿರುಗಿ ಕೇಳಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ರಾಜೇಶ್ವರಿಗೆ ಸ್ವಲ್ಪ ಹಗುರಾಗುತ್ತಿತ್ತು.

"ನನ್ನ ಗಂಡನ್ನ ಬಿಡ್ತೀರೇನ್ರಿ?" ಅಷ್ಟೇ ಕೇಳಿದಳು.

ರಾಜೇಶ್ವರಿ ಜೀಪು ಹತ್ತಿದಳು.

*

ಮರುದಿನ ಬೆಳಿಗ್ಗೆ ಜೈಲಿನಲ್ಲಿ ಅವಳು ದಾದಾಪೀರನ ಮುಂದೆ ಕಾಗದದ ಪೊಟ್ಟಣ ಬಿಚ್ಚಿಟ್ಟಳು. ಗುರುವಾರ ಗೋದಾಮಿಗೆ ಹೋದಾಗ ನೀನು ಹೆಣವನ್ನೂ ನೋಡಿದೆ, ಬಿಳಿ ಕೊಳವೆಯನ್ನೂ ನೋಡಿದೆ, ಯಾರು ತುಂಬಿದ್ದೆಂದು ನಿನಗೆ ಆಗಲೇ ತಿಳಿಯಿತು ಎಂದಳು. ಅವನು ಒಂದು ಕಾಳು ಎತ್ತಿ ಗಿರಣಿಯವರ ಹಾಗೆ ಮುಂದಿನ ಹಲ್ಲಿನಲ್ಲಿ ಕಡಿದ. ಉಳಿದದ್ದನ್ನು ಪೊಟ್ಟಣದಲ್ಲಿ ಜೋಪಾನವಾಗಿ ಮಡಿಸಿದ.

"ಇದನ್ನ ಯಾರಿಗೂ ತೋರಸಬ್ಯಾಡ್ರಿ," ಎಂದ.

ಬಂಧನವಾದ ಮೇಲೆ ಅವನು ಆಡಿದ ಮೊದಲ ಮಾತು ಅದು. ಎಷ್ಟು ಕೇಳಿದರೂ ಮುಂದೆ ಮಾತಾಡಲಿಲ್ಲ. ಅವಳು ಎದ್ದಾಗ ಅವನೂ ಎದ್ದು ನಿಂತ, ಮನೆಗೆ ಬಂದವರನ್ನು ಕಳಿಸಿಕೊಡುವವನ ಹಾಗೆ.

ಹೊರಗೆ ಬಂದಾಗ ರಾಜೇಶ್ವರಿಗೆ ತಾನು ಏನನ್ನೋ ಅವನ ಕೈಗೆ ಕೊಟ್ಟು ಬಂದೆ ಅನಿಸಿತು. ಏನೆಂದು ಗೊತ್ತಾಗಲಿಲ್ಲ.

*

ನರಗುಂದದ ಗುಡ್ಡದ ಕೆಳಗೆ ಆಸಿಫಾಳ ಮನೆ. ಶಾಲೆಯಿಂದ ಆಗಷ್ಟೇ ಬಂದಿದ್ದಳು, ಬೆರಳಿಗೆ ಸೀಮೆಸುಣ್ಣ ಹತ್ತಿತ್ತು. ಲಾಡಸಾಬ ಜೀಪಿನ ಹತ್ತಿರ ಉಳಿದ.

ರಾಜೇಶ್ವರಿ ಮಾತು ಸುತ್ತಿಸಲಿಲ್ಲ. ಮೇಜಿನ ಮೇಲೆ ಪೊಟ್ಟಣ ಇಟ್ಟಳು.

"ಮಧ್ಯಾಹ್ನದ ಬಸ್ಸಿಗೆ ನೀವು ಬಂದಿಲ್ಲ."

ಆಸಿಫಾ ಅಕ್ಕಿ ನೋಡಿದಳು. ಮುಖ ಬದಲಾಗಲಿಲ್ಲ. ಇಷ್ಟು ದಿನ ಕಾದದ್ದು ಬಂತು ಎನ್ನುವ ಹಾಗೆ ಕುರ್ಚಿಯಲ್ಲಿ ಕೂತಳು.

"ಇಲ್ಲ. ಸಂಜಿ ಬಸ್ಸಿಗೂ ಬರಲಿಲ್ಲ. ಕಡೀ ಬಸ್ಸಿಗೆ ಬಂದೆ."

"ಕೊಳವಿ ತುಂಬಿದಾಕಿ ನೀವು."

"ಹೌದು."

"ನಿಮ್ಮ ಅಬ್ಬಾ ಸತ್ತ ಮ್ಯಾಲ. ಗುರುವಾರ ಅವ್ರು ಕೆಲಸ ಮಾಡ್ಯಾರ ಅಂತ ನಾವು ತಿಳೀಲಿ ಅಂತ."

ಆಸಿಫಾ ತಲೆ ಎತ್ತಿದಳು. ಆ ಕಣ್ಣಲ್ಲಿ ಹೆದರಿಕೆಯ ಬದಲು ಬೆರಗು ಇತ್ತು.

"ಸತ್ತ ಮ್ಯಾಲ? ಅಬ್ಬಾ ನನ್ನ ಎದುರಿಗೇ ಕುಂತಿದ್ರು."

"ಕುಂತಿದ್ರ ನಿಮ್ಮ ಕೈ ಹಿಡದು ನಿಲ್ಲಸ್ತಿದ್ರು." ರಾಜೇಶ್ವರಿಗೆ ತನ್ನ ದನಿ ಕಟುವಾಗಿದ್ದು ತನಗೇ ಕೇಳಿತು. "ಅದು ತಪ್ಪು, ಆಸಿಫಾ. ಉಳದ ಕೊಳವ್ಯಾಗೆಲ್ಲ ಭತ್ತ ಐತಿ. ಭತ್ತದ ತೂಕಕ್ಕ ನೀವು ಅಕ್ಕಿ ತೂಗಿ ಹಾಕೀರಿ. ಆಫ್ರಿಕಾ ಹತ್ತು ವರ್ಷ ಒಂದು ಕೂದಲದಷ್ಟೂ ಬೆಳದಿಲ್ಲ ಅನ್ನೂ ಹಾಂಗ ಕಾಣತೈತಿ. ಅದನ್ನ ನಿಮ್ಮ ಅಬ್ಬಾ ನೋಡಿಕೋಂತ ಕೂಡೂ ಮನಷ್ಯಾ ಅಲ್ಲ."

ಆಸಿಫಾ ಪೊಟ್ಟಣದ ಅಕ್ಕಿಯನ್ನು ಬೆರಳಿನಿಂದ ಸರಿಸಿದಳು. ಹೊರಗೆ ಯಾರೋ ಕೊಡ ತುಂಬುತ್ತಿದ್ದರು. ನೀರಿನ ದನಿ ಏರುತ್ತ ಹೋಗಿ ನಿಂತಿತು.

"ತಪ್ಪೇನ್ರಿ ಅದು?" ಎಂದಳು.

ನಟನೆಯಲ್ಲ. ರಾಜೇಶ್ವರಿ ಎಷ್ಟೋ ನಟನೆ ನೋಡಿದ್ದಳು.

ಆಸಿಫಾ ನಿಧಾನವಾಗಿ ಹೇಳಿದಳು. ಬುಧವಾರ ಮಧ್ಯಾಹ್ನ ಹೊರಟವಳು ಬಸ್ ನಿಲ್ದಾಣದಲ್ಲಿ ಕೂತು, ಬಂದ ಬಸ್ಸುಗಳನ್ನೆಲ್ಲ ಬಿಟ್ಟು, ದೀಪ ಹಚ್ಚುವ ಹೊತ್ತಿಗೆ ಮರಳಿ ಗೋದಾಮಿಗೆ ಹೋದಳು. ಶನಿವಾರ ಪ್ರದರ್ಶನ. ಭತ್ತದ ಚೀಲ ಬಂದಿರಲಿಲ್ಲ. ಇದ್ದ ಭತ್ತವನ್ನೆಲ್ಲ ಏಷ್ಯಾ ನುಂಗಿತ್ತು. ಅಬ್ಬಾ ಕುರ್ಚಿಯಲ್ಲಿ ಕೂತು ಆ ಖಾಲಿ ಕೊಳವೆಯನ್ನೇ ನೋಡುತ್ತಿದ್ದರು. ಬುದ್ಧಿ ಬಂದಾಗಿನಿಂದ ಅವಳು ಅವರನ್ನು ಕಂಡದ್ದು ರಜೆಯಲ್ಲಿ ಬರುವ ನೆಂಟರ ಹಾಗೆ. ಮನೆಯಲ್ಲಿ ಅಮ್ಮ, ಅಮ್ಮನ ರೊಟ್ಟಿ. ಅನ್ನ ಮಾಡುತ್ತಿದ್ದದ್ದು ಹಬ್ಬಕ್ಕೆ, ಇಲ್ಲ ಜ್ವರಕ್ಕೆ. ಅಬ್ಬಾನ ಕೆಲಸದಲ್ಲಿ ಅವಳು ಎಂದೂ ಕೈ ಹಾಕಿರಲಿಲ್ಲ. ಅವರು ಕರೆದೂ ಇರಲಿಲ್ಲ.

"ನಾನು ತಂದ ಅಕ್ಕಿ ಐತಿ, ಹಾಕ್ಲೇನು ಅಂದೆ. ಅಕ್ಕಿ ಅಂದ್ರ ಅಕ್ಕೀನ ಅಲ್ಲೇನು ಅಂದೆ. ಅವ್ರು ನನ್ನ ಮಾರಿ ನೋಡಿದ್ರು. ಭಾಳೊತ್ತು ನೋಡಿದ್ರು. ಆಮ್ಯಾಲ ಹಾಕವ್ವಾ ಅಂದ್ರು."

"ಮತ್ತೇನೂ ಅನ್ನಲಿಲ್ಲ?"

"ಟೊಪ್ಪಿಗಿ ತಗದು ಮೊಣಕಾಲ ಮ್ಯಾಲ ಇಟಗೊಂಡ್ರು. ನಾ ತೂಗೂದನ್ನ ನೋಡಿಕೋಂತ ಕುಂತ್ರು. ಮುಗದ ಮ್ಯಾಲ, ಚಲೋ ಆತವ್ವಾ ಅಂದ್ರು."

  ಆ ಒಂದು ಒಳ್ಳೆಯ ಮಾತು ಕೇಳಿ ಅವಳಿಗೆ ಸಿಟ್ಟು ಬಂದಿತ್ತಂತೆ, ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ ಈ ಮಾತು ಎಂದು. ಜಗತ್ತಿಗೆಲ್ಲ ಕಲಿಸಿದಿರಿ, ನನಗೇನು ಕಲಿಸಿದಿರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಂದುಬಿಟ್ಟಳು. ಅವರು ಬಾಗಿಲ ತನಕ ಬಂದರು, ಕರೆಯಲಿಲ್ಲ. ಕೊನೆಯ ಮಾತು ಅದಾಯಿತು. ಅದನ್ನು ಠಾಣೆಯಲ್ಲಿ ಬರೆಸಲು ಬಾಯಿ ಬರಲಿಲ್ಲ, ಅದಕ್ಕೆ ಮಧ್ಯಾಹ್ನದ ಬಸ್ಸು ಎಂದಳು. ದಾದಾಪೀರ ಜೈಲಿಗೆ ಹೋದ ಮೇಲೆ ದಿನವೂ ನಾಳೆ ಹೇಳುತ್ತೇನೆ ಅಂದುಕೊಂಡಳು.

ರಾಜೇಶ್ವರಿ ಕಿಟಕಿಯ ಕಡೆ ತಿರುಗಿದಳು. ತಾನು ಕಟ್ಟಿದ ಎರಡು ಲೆಕ್ಕವೂ ಬಿದ್ದುಹೋಗಿದ್ದವು. ಕೊಳವೆ ತುಂಬಿದೆ, ಆದ್ದರಿಂದ ಗುರುವಾರ ಬದುಕಿದ್ದರು ಎಂಬುದು ಒಂದು. ಕೊಳವೆ ತಪ್ಪಾಗಿದೆ, ಆದ್ದರಿಂದ ತುಂಬುವಾಗ ಅವರು ಬದುಕಿರಲಿಲ್ಲ ಎಂಬುದು ಇನ್ನೊಂದು. ಒಬ್ಬ ಮನುಷ್ಯ ತನ್ನ ಜೀವಮಾನದ ಲೆಕ್ಕವನ್ನು ಮಗಳ ಕೈಯಲ್ಲಿ ತಪ್ಪಾಗಲು ಬಿಟ್ಟು ಸುಮ್ಮನೆ ಕೂರಬಹುದು ಎಂದು ಅವಳು ಯೋಚಿಸಿರಲಿಲ್ಲ.

"ಅವ್ರಿಗೆ ಗೊತ್ತಿತ್ತು," ಎಂದಳು ಆಸಿಫಾ ತನಗೇ ಎಂಬಂತೆ. "ತಪ್ಪು ಅಂತ ಗೊತ್ತಿದ್ದೂ ಚಲೋ ಆತು ಅಂದ್ರು."

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಎಲ್ಲಿ ಸಹಿ ಮಾಡ್ಬೇಕು ಹೇಳ್ರಿ. ದಾದಾಪೀರಭಾಯಿನ ಬಿಡ್ರಿ. ಅಬ್ಬಾನ ಕಡೀಕ ನೋಡಿದಾಕಿ ನಾನು. ನನ್ನ ಮ್ಯಾಲ ಏನು ಬರತೈತೋ ಬರಲಿ."

ರಾಜೇಶ್ವರಿಗೆ ಬಹಳ ದಿನಗಳ ಮೇಲೆ ಉಸಿರು ಸಲೀಸಾಯಿತು. ಈ ಹೇಳಿಕೆಯಿಂದ ಗುರುವಾರದ ಕಥೆ ನಿಲ್ಲುವುದಿಲ್ಲ. ದಾದಾಪೀರ ಮಾಡಿದ ತಪ್ಪೆಂದರೆ ಗುರುವಾರ ಹೆಣ ಕಂಡು, ಬಿಳಿ ಕೊಳವೆ ಕಂಡು, ಸಾಹೇಬರ ಮಗಳ ಮೇಲೆ ಮಾತು ಬರಬಾರದೆಂದು ಬಾಯಿ ಮುಚ್ಚಿಕೊಂಡದ್ದು. ಜಾಮೀನು ಸಿಗುತ್ತದೆ. ಸಂಜೆಯೊಳಗೆ ಜಮಾಲಬಿಗೆ ಹೇಳಬಹುದು.

ಬಾಗಿಲಲ್ಲಿ ಲಾಡಸಾಬ ನಿಂತಿದ್ದ. ಕೈಯಲ್ಲಿ ಫೋನು. ಎಂದಿನ ನಗು ಮುಖದಲ್ಲಿ ಇರಲಿಲ್ಲ.

"ಜೈಲಿಂದ ಫೋನ್ ಬಂದಿತ್ರಿ. ದಾದಾಪೀರ ಬಾಯಿ ಬಿಟ್ಟಾನಂತ. ಕೊಳವ್ಯಾಗ ಅಕ್ಕಿ ತುಂಬಿದಾಂವ ನಾನ, ಸಾಹೇಬ್ರನ್ನ ಹೊಡದಾಂವನೂ ನಾನ ಅಂತಾನ. ನಾಳೆ ಜಡ್ಜ್ ಮುಂದ ಹೇಳ್ತೀನಿ, ಕರಕೊಂಡು ಹೋಗ್ರಿ ಅಂತ ಕುಂತಾನ್ರಿ."

ಬೆಳಿಗ್ಗೆ ಅವನ ಕೈಗೆ ಕೊಟ್ಟು ಬಂದದ್ದೇನೆಂದು ರಾಜೇಶ್ವರಿಗೆ ಈಗ ತಿಳಿಯಿತು. ಅಕ್ಕಿಯಿಂದ ತನಿಖೆ ಆಸಿಫಾಳ ಕಡೆ ತಿರುಗುತ್ತದೆ ಎಂದು ಅವನಿಗೆ ತೋರಿಸಿಕೊಟ್ಟವಳು ತಾನೇ. ತೋರಿಸಬೇಡಿ ಅಂದಿದ್ದ. ತೋರಿಸುತ್ತಾಳೆಂದು ಗೊತ್ತಾದಾಗ ಅಪರಾಧವನ್ನೇ ತನ್ನ ಮೈಮೇಲೆ ಎಳೆದುಕೊಂಡ.

"ಸುಳ್ಳು ಹೇಳಾಕತ್ತಾನ," ಎಂದಳು. "ಗಿರಣ್ಯಾಗ ಬೆಳದಾಂವ ಅಕ್ಕಿ ಯಾಕ ತುಂಬ್ತಾನ? ಇದನ್ನ ಜಡ್ಜ್ ಮುಂದ ನಾನು ಹೇಳ್ತೀನಿ."

"ನಾನೂ ಹಂಗ ಅಂದೆ ಮೇಡಮ್ರ." ಲಾಡಸಾಬ ಆಸಿಫಾಳ ಕಡೆ ನೋಡಿ ದನಿ ತಗ್ಗಿಸಿದ. "ಆದ್ರ ಜೇಲರ್ ಸಾಹೇಬ್ರು ಕೆದಕಿ ಕೇಳಿದ್ರಂತ, ನೀ ತುಂಬುವಾಗ ಅವ್ರು ಏನ್ ಮಾಡಾಕತ್ತಿದ್ರು ಅಂತ. ಟೊಪ್ಪಿಗಿ ತಗದು ಮೊಣಕಾಲ ಮ್ಯಾಲ ಇಟಗೊಂಡು ನೋಡಿಕೋಂತ ಕುಂತಿದ್ರು, ಮುಗದ ಮ್ಯಾಲ ಚಲೋ ಆತು ಅಂದ್ರು ಅಂತ ಹೇಳ್ಯಾನ್ರಿ."



ರಾಜೇಶ್ವರಿ ನಿಧಾನವಾಗಿ ತಿರುಗಿದಳು. ಆ ಮಾತನ್ನು ನೀವು ದಾದಾಪೀರನಿಗೆ ಎಂದಾದರೂ ಹೇಳಿದ್ದಿರಾ ಎಂದು ಕೇಳಿದಳು. ಆಸಿಫಾ ಇಲ್ಲವೆಂದು ತಲೆ ಆಡಿಸಿದಳು. ಯಾರಿಗೂ ಹೇಳಿರಲಿಲ್ಲ, ಇವತ್ತಿನ ತನಕ. ಬಾಗಿಲ ಸಂದಿಯಿಂದ, ಹೊರಗಿನಿಂದ ಯಾರಾದರೂ ನೋಡಿರಬಹುದೇ? ಇಲ್ಲವಾದರೆ ಅವನು ಅದನ್ನು ಕೇಳಿದ್ದು ಬದುಕಿದ್ದ ಅಕ್ಬರಸಾಬರ ಬಾಯಿಂದಲೇ.

"ಗಾಳಿಗೆ ತಕ್ಕಡಿ ಆಡಾಕತ್ತಿತ್ತು," ಎಂದಳು ಆಸಿಫಾ.  "ಅದಕ್ಕ ಬಾಗಲಾ ಗಟ್ಟಿ ಹಾಕಿದ್ದೆ. ಸಂದಿಗೆ ಗೋಣಿಚೀಲ ತುರುಕಿದ್ದೆ. ಚಿಲಕಾ ಒಳಗಿಂದ ನಾನ ಹಾಕಿದ್ದೆ ಮೇಡಮ್."